ಅತ್ತೆಯ ಗಂಟು ಮುದಗಲ್ಲಿಗೆ ಹೋದದ್ದು

ಗಂಟು ತಾನಾಗಿ ಬಿಚ್ಚಿಕೊಳ್ಳಲಿಲ್ಲ. ಬಿಚ್ಚಿದವಳು ನಾನು. ಕೊಬ್ಬರಿ ಕಡಿದವಳೂ ನಾನೇ. ದೇವರಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ.

ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದೆ, ಇನ್ನೂ ಮುಚ್ಚಿಕೊಂಡೇ ಇರುತ್ತಿದ್ದೆ. ಆದರೆ ಹೋದ ವಾರ ನನ್ನ ಮೊಮ್ಮಗ ಮೂವರು ಗೆಳೆಯರನ್ನು ಕಟ್ಟಿಕೊಂಡು ನಮ್ಮ ಪಡಸಾಲೆಯಲ್ಲಿ ಕೂತು ತಿರುಗಾಟದ ಪಟ್ಟಿ ಮಾಡಿದ. ಬಾಡಿಗೆಯ ಜೀಪು, ಎಂಟು ದಿನ, ಬಾದಾಮಿ, ಹಂಪಿ, ಅಲ್ಲಿಂದ ಕೆಳಗೆ ತಮಿಳರ ಸೀಮೆಯ ಗುಡಿಗಳು, ದಾರಿಯಲ್ಲಿ ಸಿಕ್ಕ ಕೋಟೆಗಳು. ಪಟ್ಟಿ ನೋಡಿದರೆ ದೇವರುಗಳಿಗೆ ಉಸಿರಾಡಲು ಪುರುಸೊತ್ತಿಲ್ಲ. ಆಮೇಲೆ ಅವನು ನನ್ನ ಪೆಟ್ಟಿಗೆ ತೆಗೆದು ಹಳೆಯ ಕೆಂಪಂಚಿನ ಅರಿವೆಯೊಂದನ್ನು ಎಳೆದು ಕಣ್ಣಿಗೆ ಒತ್ತಿಕೊಂಡ.

"ಅಮ್ಮಾ, ಇದನ್ನ ಜೀಪಿನ ಕನ್ನಡಿಗೆ ಕಟ್ಟಲೇನು?" ಎಂದು ಕೇಳಿದ. ನಮ್ಮ ಕಡೆ ಅಜ್ಜಿಗೆ ಅಮ್ಮ ಎನ್ನುತ್ತಾರೆ, ತಾಯಿಗೆ ಅವ್ವ.

"ಯಾಕೋ?"

"ನಿಮ್ಮತ್ತಿ ಯಾತ್ರಾದ ಗಂಟಿನ ಅರಿವಿ ಅಲ್ಲೇನು ಇದು? ಮುದಗಲ್ಲಿನ್ಯಾಗ ದೇವರು ಖುದ್ದು ಬಿಚ್ಚಿದ್ದು?"

ನಮ್ಮ ಮನೆಯಲ್ಲಿ ಆ ಅರಿವೆಗೆ ಅಷ್ಟು ಮರ್ಯಾದೆ. ಪರೀಕ್ಷೆಗೆ ಹೋಗುವವರು ಮುಟ್ಟಿ ಹೋಗುತ್ತಾರೆ, ಹೆಣ್ಣು ನೋಡಲು ಹೋಗುವವರು ಮುಟ್ಟಿ ಹೋಗುತ್ತಾರೆ, ಎತ್ತು ಕೊಳ್ಳಲು ಹೋಗುವವರು ಎರಡು ಸಲ ಮುಟ್ಟಿ ಹೋಗುತ್ತಾರೆ. ನಾನು ಒಮ್ಮೆ ಅದರಿಂದ ಹಾಲಿನ ಗಡಿಗೆ ಒರೆಸಿದ್ದೇನೆ. ಹಾಲೂ ಹೆಚ್ಚಲಿಲ್ಲ, ಕಣ್ಣೂ ಹೋಗಲಿಲ್ಲ. ಮೊಮ್ಮಗ ಹೋದ ಮೇಲೆ ಕೂತು ಯೋಚಿಸಿದೆ. ನಾನು ಸತ್ತರೆ ಈ ಅರಿವೆಗೆ ಒಂದು ಗುಡಿಯನ್ನೇ ಕಟ್ಟಿಬಿಡುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಬರಹ ಮಗಳು ಸಾಲೆಗೆ ಹೋಗುವಾಗ ಅವಳ ಪಾಟಿಯ ಇನ್ನೊಂದು ಮಗ್ಗುಲಲ್ಲಿ ಕಲಿತದ್ದು, ಆದ್ದರಿಂದ ಚಂದವನ್ನು ಹುಡುಕಬೇಡಿ. ನಿಜ ಇದೆ, ಅಷ್ಟು ಸಾಕು.

ಆಗ ನಿಜಾಮ ಸಾಹೇಬರ ರಾಜ್ಯ. ನಮ್ಮ ಸಾಲಗುಂದದಲ್ಲಿ ಕಾಲುವೆಯೆಂಬುದನ್ನು ಯಾರೂ ಕನಸಿನಲ್ಲೂ ಕಂಡಿರಲಿಲ್ಲ. ಜೋಳ, ಹತ್ತಿ, ಮತ್ತು ಒಂದು ಎಮ್ಮೆ. ಎಮ್ಮೆಯಿಂದಲೇ ಎಲ್ಲ ಶುರುವಾದದ್ದು. ಅದು ಒಂದು ದಿನ ಮೇಯಲು ಹೋದದ್ದು ಮನೆಗೆ ಬರಲಿಲ್ಲ. ನನ್ನ ಅತ್ತೆ ನೀಲಮ್ಮನವರು ಗಂಡ ಊರಿಗೆ ಹೋದರೆ ಯಾವಾಗ ಬರುತ್ತಾನೆಂದು ಕೇಳಿದವರಲ್ಲ. ಎಮ್ಮೆಗಾಗಿ ಊಟ ಬಿಟ್ಟರು. ಮೊದಲ ದಿನ ಮಸ್ಕಿಯ ಮಲ್ಲಯ್ಯನಿಗೆ ಹರಕೆ ಹೊತ್ತರು. ಎರಡನೆಯ ದಿನ ಕೂಡಲಸಂಗಮಕ್ಕೆ. ಮೂರನೆಯ ದಿನ ಬಾದಾಮಿಯ ಬನಶಂಕರಿಗೆ, ನಾಲ್ಕನೆಯ ದಿನ ಹಂಪಿಗೆ. ಐದನೆಯ ದಿನ ಎಮ್ಮೆ ತಾನೇ ನಡೆದು ಬಂದು ಗೋದಲಿಗೆ ಬಾಯಿ ಹಾಕಿತು. ಈಗ ಯಾವ ದೇವರು ಅದನ್ನು ಹೊಡೆದುಕೊಂಡು ಬಂದನೋ ಯಾರಿಗೆ ಗೊತ್ತು? ಒಬ್ಬರಿಗೆ ಹೋಗಿ ಒಬ್ಬರನ್ನು ಬಿಡುವ ಹಾಗಿಲ್ಲ. ನಾಲ್ವರ ಬಾಗಿಲಿಗೂ ಹೋಗಲೇಬೇಕಾಯಿತು.

"ಎಮ್ಮಿ ತಾನಾಗೇ ಬಂದಿದ್ರ, ಅತ್ತೀ?" ಎಂದು ಕೇಳಿದೆ.

"ನಿನ್ನ ಬಾಯಾಗ ಬೂದಿ ಹಾಕ. ಎಮ್ಮಿಗೆ ಹಾದಿ ತೋರಿಸಿದವರು ಯಾರಬೇ?"

"ಹೋಗೂ ಮುಂದ ಯಾರು ತೋರಿಸಿದ್ರೋ ಅವರು ಇರಬೇಕು."

ಆ ದಿನ ನನಗೆ ಎರಡು ರೊಟ್ಟಿ ಕಡಿಮೆ ಬಿದ್ದವು.

ಗುಡಿಗಳು ಅತ್ತೆಯವು. ಕೋಟೆಗಳು ಪಟ್ಟಿಗೆ ಸೇರಿದ್ದು ಅತ್ತೆಯ ತಮ್ಮ ಚೆನ್ನಪ್ಪ ಮಾವನಿಂದ. ಅವರು ಲಿಂಗಸುಗೂರಿನ ಕಚೇರಿಯೊಂದರಲ್ಲಿ ಚಪರಾಸಿಯಾಗಿದ್ದು ವಯಸ್ಸಾದ ಮೇಲೆ ಅಕ್ಕನ ಮನೆ ಸೇರಿದ್ದರು. ಸಾಹೇಬರು ದೌರಾ ಎಂದು ಊರೂರು ತಿರುಗಲು ಹೊರಟಾಗಲೆಲ್ಲ ಪೆಟ್ಟಿಗೆ ಹೊತ್ತು ಹಿಂದೆ ಹೋದವರು. ಮಸ್ಕಿಯ ಗುಡ್ಡದ ಬಂಡೆಯ ಮೇಲಿನ ಹಳೆಯ ಬರಹ ನೋಡಲು ಯಾರೋ ದೊಡ್ಡವರು ಬಂದಾಗ ಅವರ ತಲೆಗೆ ಛತ್ರಿ ಹಿಡಿದವರು ತಾವೇ ಎಂದು ದಿನಕ್ಕೊಮ್ಮೆ ಹೇಳುತ್ತಿದ್ದರು. ಬರಹದಲ್ಲಿ ಏನಿತ್ತು ಎಂದರೆ, "ನಾ ಛತ್ರಿ ನೋಡಲೋ, ಕಲ್ಲು ನೋಡಲೋ?" ಎನ್ನುತ್ತಿದ್ದರು. ಅದು ಮಾತ್ರ ನ್ಯಾಯವಾದ ಮಾತು.

ಅಕ್ಕನ ಯಾತ್ರೆಯನ್ನು ಅವರು ಸರ್ಕಾರಿ ದೌರಾ ಮಾಡಿಬಿಟ್ಟರು. ಒಂದು ಕಾಗದದ ಮೇಲೆ ಉರ್ದುವಿನಲ್ಲಿ ಊರುಗಳನ್ನೆಲ್ಲ ಬರೆದುಕೊಂಡರು. ಮನೆಯಲ್ಲಿ ಅದನ್ನು ಓದಬಲ್ಲವರು ಅವರೊಬ್ಬರೇ, ಆದ್ದರಿಂದ ಓದಿದಾಗಲೆಲ್ಲ ಒಂದೊಂದು ಊರು ಹೆಚ್ಚಾಗುತ್ತಿತ್ತು.

"ಪಹಿಲಾ ಮುಕ್ಕಾಮು ಸಿಂಧನೂರ. ದೂಸರಾ ಮಸ್ಕಿ. ಅಲ್ಲಿಂದ ಕೂಚ್."

"ಕೂಚ್ ಅಂದ್ರೇನೋ ಚೆನ್ನ್ಯಾ?" ಎಂದರು ಅತ್ತೆ.

"ಅಂದ್ರ ಹೊಂಡೂದು, ಅಕ್ಕಾ."

"ಹೊಂಡೂದಕ್ಕ ಹೊಂಡೂದು ಅನ್ನು. ಎಮ್ಮಿಗೂ ತಿಳೀತೈತಿ."

ಈಗ ನನ್ನ ಪಾಲಿನ ಸಂಗತಿ ಹೇಳಬೇಕು. ನನ್ನ ತವರು ಮುದಗಲ್ಲು, ಕೋಟೆಯ ಒಳಗೇ ಮನೆ. ಆ ಕೋಟೆಗೆ ಎರಡು ದೊಡ್ಡ ಬಾಗಿಲು. ನನ್ನ ಮದುವೆಯ ದಿನ ಗಂಡಿನ ಕಡೆಯವರು ಒಂದು ಬಾಗಿಲಿಗೆ ಬಂದು ನಿಂತರು. ಎದುರುಗೊಳ್ಳಬೇಕಾದ ನನ್ನ ತವರಿನವರು ಆರತಿ, ಹಲಗೆ, ಶಹನಾಯಿ ಎಲ್ಲ ಹಿಡಿದುಕೊಂಡು ಇನ್ನೊಂದು ಬಾಗಿಲಲ್ಲಿ ನಿಂತರು. ಇಬ್ಬರೂ ನಿಂತೇ ನಿಂತರು. ಬಿಸಿಲು ನೆತ್ತಿಗೆ ಬಂತು. ಕೊನೆಗೆ ಬೀಗರು ತಾವಾಗಿಯೇ ಸಂದಿಗೊಂದಿಯಲ್ಲಿ ಹಾದಿ ಕೇಳಿಕೊಂಡು, ಕರೆಯದ ಊಟಕ್ಕೆ ಬಂದವರ ಹಾಗೆ ಚಪ್ಪರದೊಳಗೆ ಬಂದರು. "ನಮ್ಮನ್ನ ಬಾಗಲಾಗ ಬಿಸಲಿಗೆ ಹಾಕಿದ್ರಿ" ಎಂದರು ಅತ್ತೆ. "ನಾವೇ ಬಾಗಲಾಗ ಬಿಸಲಾಗ ನಿಂತು ಬಂದೀವಿ" ಎಂದಳು ನನ್ನ ಅವ್ವ. ತಾಳಿ ಕಟ್ಟಿದ್ದು ನನಗೆ, ಮಾತು ಬಿಟ್ಟದ್ದು ಅವರಿಬ್ಬರು.

ತವರಿನವರು ಬಂದು ಕರೆಯದೆ ಸೊಸೆ ತವರಿಗೆ ಹೋಗುವಂತಿಲ್ಲ, ಅದು ನಮ್ಮಲ್ಲಿ ಕಟ್ಟುನಿಟ್ಟು. ಅವ್ವ ಹೇಳಿ ಕಳಿಸಿದ್ದಳು: ಬಾಗಿಲಿಗೆ ಬಂದು ಕರೆದಾಗ ಅವರು ಬರಲಿಲ್ಲ, ಇನ್ನು ಕರೆಯುವುದಿಲ್ಲ. ಅತ್ತೆ ಹೇಳಿ ಕಳಿಸಿದ್ದರು: ಕರೆಯದೆ ಕಳಿಸುವುದಿಲ್ಲ. ಹೀಗೆ ಮೂರು ವರ್ಷ. ನಾನು ಅಳಲಿಲ್ಲ. ಅತ್ತರೂ ಒಲೆಯ ಹೊಗೆ ಎಂದುಕೊಳ್ಳುತ್ತಿದ್ದರು, ಕಣ್ಣೀರು ದಂಡ. ನನಗೆ ಬೇಕಾದದ್ದು ಬಹಳವೂ ಅಲ್ಲ. ಒಂದು ತಿಂಗಳು ತವರು, ಅದರಲ್ಲಿ ಒಂದು ದಿನ ಬಿಸಿಲು ಕಾಲ ಮೇಲೆ ಬೀಳುವ ತನಕ ನಿದ್ದೆ. ಮೂರು ವರ್ಷ ನಾನು ಕೋಳಿಗಿಂತ ಮೊದಲು ಎದ್ದು ಕೋಳಿಯನ್ನೇ ಎಬ್ಬಿಸಿದವಳು.

ಲಿಂಗಸುಗೂರಿನಿಂದ ಸಂಗಮಕ್ಕೆ ಹೋಗುವ ಗಾಡಿ ಮುದಗಲ್ಲಿನ ಕೋಟೆಗೆ ಭುಜ ತಿಕ್ಕಿಕೊಂಡೇ ಹೋಗಬೇಕು. ಇಲ್ಲಿ ನನಗೊಂದು ಬೆಳಕಿಂಡಿ ಕಂಡಿತು. ಯಾತ್ರೆಯಲ್ಲಿ ನಾನೂ ಇದ್ದರೆ, ತವರಿಗೆ ಹೋದ ಹಾಗೂ ಆಯಿತು, ಹೋಗದ ಹಾಗೂ ಆಯಿತು.

ಚೆನ್ನಪ್ಪ ಮಾವ ಒಂದು ದಿನ ನೆಲ ಸಾರಿಸಿ ಒಣಗಿದ ಮೇಲೆ ಅದರ ಮೇಲೆ ದಾರಿಯನ್ನು ಇಟ್ಟು ತೋರಿಸಿದರು. ಊರಿಗೆ ಒಂದು ಜೋಳದ ಕಾಳು, ಗುಡಿಗೆ ಒಂದು ತೊಗರಿ, ಕೋಟೆಗೆ ಒಂದು ಕಡಲೆ. ಸಾಲಗುಂದ, ಸಿಂಧನೂರು, ಮಸ್ಕಿ, ಲಿಂಗಸುಗೂರು. ಅಲ್ಲಿಂದ ಕಾಳು ಬಡಗಣಕ್ಕೆ ಓಡಿ ಕೃಷ್ಣೆಯ ನಡುವಿನ ಜಲದುರ್ಗಕ್ಕೆ ಹೋಗಿ, ಮುಳ್ಳು ತುಳಿದವರ ಹಾಗೆ ಸುತ್ತು ಹಾಕಿಕೊಂಡು ಸಂಗಮಕ್ಕೆ ಇಳಿಯಿತು.

"ಮಾವಾ, ಲಿಂಗಸುಗೂರ ದಾಟಿದ ಮ್ಯಾಲ ಮುದಗಲ್ಲ ಬರಂಗಿಲ್ಲೇನ್ರೀ?"

"ಬರಂಗಿಲ್ಲ."

"ಊರು ಎಲ್ಲಿಗೆ ಹೋತು?"

"ಊರು ಅಲ್ಲೇ ಐತಿ. ನಮ್ಮ ದೌರಾ ಆ ಕಡೆ ಇಲ್ಲ."

ಅತ್ತೆ ಕೇಳಿಯೂ ಕೇಳದ ಹಾಗೆ ಬತ್ತಿ ಹೊಸೆಯುತ್ತಿದ್ದರು. ಮರುದಿನ ಕಸ ಗುಡಿಸುವಾಗ ನಾನು ಸರಿಯಾದ ಜಾಗದಲ್ಲಿ ಒಂದು ಕಡಲೆ ಇಟ್ಟೆ. ಮಾವ ಎದ್ದು ಬಂದು ಅದನ್ನು ತೆಗೆದು ಬಾಯಿಗೆ ಹಾಕಿಕೊಂಡರು. ಇನ್ನೊಂದು ಇಟ್ಟೆ, ಕೋಳಿ ತಿಂದಿತು. ನಾನು ಇಡುವುದು, ಮಾವ ತೆಗೆಯುವುದು, ಕೋಳಿ ತಿನ್ನುವುದು ಹೀಗೆ ನಾಲ್ಕು ದಿನ ನಡೆಯಿತು. ಐದನೆಯ ದಿನ ಕೋಳಿ ಮನಸ್ಸು ಮಾಡಿ ಲಿಂಗಸುಗೂರಿನಿಂದ ಹಂಪಿಯ ತನಕ ಇಡೀ ದಾರಿಯನ್ನು ತಿಂದು ಮುಗಿಸಿತು. ಆ ಯಾತ್ರೆಯನ್ನು ನೆಟ್ಟಗೆ ಪೂರೈಸಿದ್ದು ಎಂದರೆ ಆ ಕೋಳಿಯೊಂದೇ.

ಮಾವನಿಗೆ ಮುದಗಲ್ಲು ಯಾಕೆ ಬೇಡವೋ ನನಗೆ ಆಗ ಹೊಳೆಯಲಿಲ್ಲ.

ಈ ನಡುವೆ ರೊಟ್ಟಿ. ಯಾತ್ರೆಯೆಂದರೆ ನಮ್ಮಲ್ಲಿ ಕಟಕು ರೊಟ್ಟಿ. ತೆಳ್ಳಗೆ ಬಡಿದು, ಬೇಯಿಸಿ, ಒಣಗಿಸಿದರೆ ತಿಂಗಳಾದರೂ ಕೆಡುವುದಿಲ್ಲ, ಮೈಮೇಲೆ ಬಿದ್ದರೆ ಗಾಯವೂ ಆಗಬಹುದು. ಎರಡು ಬುಟ್ಟಿ ಮಾಡಿದೆವು. ಹೊರಡುವುದು ತಡವಾದ ಹಾಗೆಲ್ಲ, "ಹೆಂಗ ಆಗ್ಯಾವ ನೋಡೂಣು" ಎಂದು ಗಂಡಸರು ಒಂದೊಂದೇ ಮುರಿದು ತಿಂದರು. ಮತ್ತೆ ಎರಡು ಬುಟ್ಟಿ ಮಾಡಿದೆವು. ಗಂಡಸರು ಮುಕ್ಕಾಮಿನ ಹೆಸರು ಹೇಳುತ್ತ ಕೂತಿರುವಾಗ ಹೆಂಗಸರು ರೊಟ್ಟಿ ಬಡಿಯುತ್ತಿರುತ್ತಾರೆ. ಇದಕ್ಕೇ ಯಾತ್ರೆಯ ಸಿದ್ಧತೆ ಎಂದು ಹೆಸರು.

ಒಳ್ಳೆಯ ದಿನ ಸೋಮವಾರ ಎಂದು ಮಠದ ಅಯ್ಯ ಹೇಳಿದ್ದ. ಸೋಮವಾರ ಬಂತು. ಗಾಡಿಯ ಅಚ್ಚು ಮುರಿದಿತ್ತು, ರೊಟ್ಟಿ ಮತ್ತೆ ಮುಗಿದಿತ್ತು, ಎಮ್ಮೆಗೆ ದಿನ ತುಂಬಿತ್ತು. ಆಗ ಅಯ್ಯ, "ಪರಸ್ಥಾನ ಇಡ್ರಿ" ಎಂದ.

ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಒಳ್ಳೆಯ ಗಳಿಗೆ ಬಂದಿದೆ, ಹೊರಡುವವರು ಮಾತ್ರ ತಯಾರಿಲ್ಲ ಎನ್ನಿ. ಆಗ ಅವರ ಬದಲು ಅವರದೊಂದು ಗಂಟು ಮನೆಯಿಂದ ಹೊರಬಿದ್ದು, ಹೋಗಬೇಕಾದ ದಿಕ್ಕಿನಲ್ಲಿರುವ ಇನ್ನೊಬ್ಬರ ಮನೆಯಲ್ಲಿ ಕೂಡುತ್ತದೆ. ದೇವರ ಲೆಕ್ಕದಲ್ಲಿ ಯಾತ್ರೆ ಹೊರಟಾಯಿತು. ಆಮೇಲೆ ನಾವು ಅಮಾವಾಸ್ಯೆಗೆ ಹೊರಟರೂ ನಡೆಯುತ್ತದೆ. ದೇವರಿಗೆ ಹೀಗೆ ಟೋಪಿ ಹಾಕಬಹುದೆಂದು ಮೊದಲು ಕಂಡುಹಿಡಿದವಳು ನನ್ನಂಥ ಯಾವಳೋ ಸೊಸೆಯೇ ಇರಬೇಕು.

ಕೆಂಪಂಚಿನ ಅರಿವೆಯಲ್ಲಿ ಅತ್ತೆಯ ಒಂದು ಸೀರೆ, ಒಂದು ಬೊಗಸೆ ಜೋಳ, ಅರಿಷಿಣದ ಕೊಂಬು, ಅಡಿಕೆ, ಒಂದು ಗಿಟುಕು ಕೊಬ್ಬರಿ ಇಟ್ಟು ಗಂಟು ಕಟ್ಟಿದರು. ಅಯ್ಯ ಮೂರು ಕಟ್ಟಳೆ ಹೇಳಿದ. ಒಂದು ಮನೆಯಲ್ಲಿ ಗಂಟು ಏಳು ದಿನಕ್ಕಿಂತ ಹೆಚ್ಚು ಇರಬಾರದು, ಮುಂದಕ್ಕೆ ಸಾಗಬೇಕು. ಹಿಂದಕ್ಕೆ ಬರಬಾರದು. ಬಿಚ್ಚುವುದು ಹರಕೆ ಮುಟ್ಟಿದ ಮೇಲೆ; ಬಿಚ್ಚಿದರೆ ಯಾತ್ರೆ ಮುಗಿದ ಹಾಗೆ.

ಊರಿನ ಆ ದಿಕ್ಕಿನ ಕಡೆಯ ಮನೆ ಖಾಸಿಂಬಿಯದು. ಅವಳ ಗಂಡ ಮೌಲಾಸಾಬ ಬಾಡಿಗೆ ಗಾಡಿ ಹೊಡೆಯುತ್ತಿದ್ದ. ಖಾಸಿಂಬಿ ಗಂಟನ್ನು ಜೋಳದ ಗುಮ್ಮಿಯ ಮೇಲಿಟ್ಟು, "ಅಮ್ಮಾರ, ಇದಕ್ಕ ಊಟ ಗೀಟ ಹಾಕಬೇಕೇನ್ರೀ?" ಎಂದು ಕೇಳಿದಳು.

"ಏ, ಇಲ್ಲಬೇ."

"ಹಂಗಾರ ಇರಲಿ ಬಿಡ್ರಿ. ನಮ್ಮ ಮನಿಗೆ ಬಂದ ಸಗಾ ನೆಂಟರ ಪೈಕಿ ಇದೇ ಛಲೋ."

ಏಳು ದಿನ ಆಯಿತು. ಎಮ್ಮೆ ಈಯಲಿಲ್ಲ, ಅತ್ತೆ ಹೊರಡಲಿಲ್ಲ. ಮೌಲಾಸಾಬ ಗಂಟನ್ನು ಸಿಂಧನೂರಿನ ನಂಟರ ಮನೆಗೆ ಮುಟ್ಟಿಸಿದ. ಮತ್ತೆ ಏಳು ದಿನ. ಎಮ್ಮೆ ಈದಿತು. ಈಗಂತೂ ಅತ್ತೆ ಹೊರಡುವ ಮಾತೇ ಇಲ್ಲ. ಕರು ಎಳೆಯದು, ಮತ್ತು ಆ ಎಮ್ಮೆ ನನ್ನ ಕೈ, ಅತ್ತೆಯ ಕೈ ಬಿಟ್ಟರೆ ಮೂರನೆಯವರು ಕೆಚ್ಚಲು ಮುಟ್ಟಿದರೆ ಒದೆಯುತ್ತಿತ್ತು. ಎಮ್ಮೆಗಾಗಿ ಹೊತ್ತ ಹರಕೆ ಎಮ್ಮೆಯ ಕಾಲಲ್ಲೇ ಸಿಕ್ಕಿಕೊಂಡಿತು. ಗಂಟು ಮಸ್ಕಿಗೆ ಹೋಗಿ ಗುಡ್ಡದ ಬುಡದಲ್ಲಿ ನಮಗೆ ಪರಿಚಯದ ಒಬ್ಬ ಮುದುಕಿಯ ಮನೆಯಲ್ಲಿ ಕೂತಿತು. ಅಲ್ಲಿಂದ ಮುಂದೆ?

ಮುಂದೆ ಯಾರೂ ಗೊತ್ತಿಲ್ಲ. ಲಿಂಗಸುಗೂರಿನಲ್ಲಿ ಮಾವನಿಗೆ ಒಂದು ರಾತ್ರಿ ಜಾಗ ಸಿಕ್ಕೀತು, ಏಳು ದಿನಕ್ಕಲ್ಲ. ಆ ದಾರಿಯಲ್ಲಿ ನಮಗೆ ಬಾಗಿಲು ತೆಗೆಯಬಲ್ಲ ಮನೆ ಒಂದೇ ಇತ್ತು. ಅದರ ಹೆಸರನ್ನು ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ, ರೊಟ್ಟಿಯನ್ನು ಮಾತ್ರ ಸ್ವಲ್ಪ ಜೋರಾಗಿ ಬಡಿದೆ.

"ಗಂಟು ಹಿಂದಕ ಬಂದ್ರ?" ಎಂದು ಅತ್ತೆ ಅಯ್ಯನನ್ನು ಕೇಳಿದರು.

"ಎಮ್ಮಿ ಮುಂದಕ ಹೋಕ್ಕೈತಿ" ಎಂದ ಅಯ್ಯ.

ಅತ್ತೆ ಬಹಳ ಹೊತ್ತು ಕರುವಿನ ಮೈ ನೇವರಿಸಿದರು. ಆಮೇಲೆ ನನ್ನ ಮುಖ ನೋಡದೆ, "ಗಂಗೀ, ಗಂಟು ನೀನೇ ಒಯ್ಯಿ" ಎಂದರು. "ಗಂಟು ಹೊಂಟೈತಿ, ನೀ ಹೊಂಟಿಲ್ಲ, ನೆನಪಿರಲಿ. ಅವರ ಮನ್ಯಾಗ ನೀರು ಸೈತ ಕುಡೀಬ್ಯಾಡ. ಇಟ್ಟು ಹಿಂದ ನೋಡದಂಗ ಬಾ. ಚೆನ್ನ್ಯಾ, ನೀ ಕೂಡ ಹೋಗು."

"ನಾ ಯಾಕಕ್ಕಾ? ನನಗ ಸೊಂಟ..."

"ಕೂಚ್!" ಎಂದರು ಅತ್ತೆ. ಆ ಶಬ್ದವನ್ನು ಅವರು ಬಳಸಿದ್ದು ಅದೊಂದೇ ಸಲ.

ಮೌಲಾಸಾಬನ ಗಾಡಿಯಲ್ಲಿ ಹೊರಟೆವು. ಮಸ್ಕಿ ಮುಟ್ಟಿ ನೋಡಿದರೆ ಗಂಟಿಗೆ ಭಕ್ತರು ಹುಟ್ಟಿದ್ದರು. ಆ ಮುದುಕಿ ಅದನ್ನು ಗೋಡೆಯ ಮಾಡದಲ್ಲಿಟ್ಟು ಎರಡು ಹೊತ್ತು ದೀಪ ಹಚ್ಚಿದ್ದಳು. "ಭಾಳ ಒಳ್ಳೇ ಗಂಟವ್ವ ಇದು. ನಮ್ಮ ಸೊಸಿ ಮಣಕಾಲು ನೋವು ಹೋತು" ಎಂದು ಕಣ್ಣೊರೆಸಿಕೊಂಡು ಬೀಳ್ಕೊಟ್ಟಳು. ನೋವು ಹೋಗಿದ್ದ ಸೊಸೆ ಅವಳ ಹಿಂದೆಯೇ ಕುಂಟುತ್ತ ಬಂದು ಗಂಟಿಗೆ ಕೈಮುಗಿದಳು.

ಲಿಂಗಸುಗೂರಿನಲ್ಲಿ ಮಾವ ರುಮಾಲು ಸರಿಮಾಡಿಕೊಂಡು, ತಾವು ಕೆಲಸ ಮಾಡಿದ ಕಚೇರಿಯ ಮುಂದೆ ಗಾಡಿ ನಿಲ್ಲಿಸಿದರು. ಬಾಗಿಲಲ್ಲಿದ್ದ ಹೊಸ ಚಪರಾಸಿ, "ಕೌನ್ ಜೀ?" ಎಂದ. ಮಾವ ತಮ್ಮ ಹೆಸರು ಹೇಳಿದರು. ಅವನು ಮತ್ತೆ, "ಕೌನ್?" ಎಂದ. ಗಾಡಿ ಮುಂದೆ ಹೋಯಿತು. ಮುದಗಲ್ಲಿನ ತನಕ ಮಾವ ಒಂದೂ ಮುಕ್ಕಾಮಿನ ಹೆಸರು ಹೇಳಲಿಲ್ಲ. ನನಗೆ ಅವರ ಮೇಲೆ ಕನಿಕರ ಬಂತು. ಕೋಟೆಯ ಗೋಡೆ ಕಂಡ ಕೂಡಲೇ ಹೋಯಿತು.

ಅವ್ವ ಹೊಸ್ತಿಲ ಮೇಲೆ ಕೂತು ಮೊರದಲ್ಲಿ ಕಾಳು ಕೇರುತ್ತಿದ್ದಳು. ನನ್ನನ್ನು ನೋಡಿದಳು. ಮೊರ ನಿಲ್ಲಲಿಲ್ಲ.

"ಯಾರು ಕರೆದ್ರು ನಿನ್ನ?"

"ಯಾರೂ ಕರೆದಿಲ್ಲ. ನಾ ಬಂದೇ ಇಲ್ಲ. ಗಂಟು ಬಂದೈತಿ, ನಮ್ಮತ್ತಿ ಪರಸ್ಥಾನದ್ದು."

"ಗಂಟು ಒಳಗ ಬರಲಿ. ನೀ ಹೊರಗ ಇರು."

"ಗಂಟಿಗೆ ಕಾಲಿಲ್ಲವ್ವ."

ಅವ್ವ ಒಳಗೆ ಹೋಗಿ ಒಂದು ತಂಬಿಗೆ ನೀರು ತಂದು ನನ್ನ ಮುಂದೆ ಕುಕ್ಕಿದಳು. "ಹಂಗಾರ ಗಂಟಿನ ಕಾಲು ತೊಳಕೊಂಡು ಒಳಗ ಬಾ."

ತೊಳೆದುಕೊಂಡೆ. ಉಳಿದ ನೀರನ್ನು ಗಂಟಿನ ಹೆಸರಿನಲ್ಲಿ ಕುಡಿದೆ. ಮಾವ ಒಳಗೆ ಬರಲಿಲ್ಲ, ಹೊರಗಿನ ಕಟ್ಟೆಯ ಮೇಲೇ ಕೂತರು. ಅವ್ವ ಅವರಿಗೆ, "ಗಂಟಿನ ಆಳಿಗೆ" ಎಂದು ರೊಟ್ಟಿ ಕಳಿಸಿದಳು.

ಅವ್ವ ಸಾಲೆಯ ಬಾಗಿಲನ್ನೂ ನೋಡಿದವಳಲ್ಲ, ಆದರೆ ತಲೆ ಇತ್ತು. ಗಂಟು ಕಾಯಲೆಂದು ನನ್ನನ್ನೂ ಮಾವನನ್ನೂ ಉಳಿಸಿಕೊಂಡು, ಮೌಲಾಸಾಬ ಒಬ್ಬನೇ ಹಿಂದಿರುಗಿ ಹೊರಟಾಗ ಅವನ ಕೈಯಲ್ಲಿ ಮಾತು ಹೇಳಿ ಕಳಿಸಿದಳು. "ನಿಮ್ಮ ಅಮ್ಮಾರಿಗೆ ಹೇಳು ಸಾಬಣ್ಣ. ಏಳು ದಿನ ಗಂಟು ಇಟ್ಟುಕೊಂತೀವಿ, ಬಂದ ಗಂಟಿಗೆ ಇಲ್ಲ ಅನ್ನಂಗಿಲ್ಲ. ಮುಂದಕ ಒಯ್ಯಾಕ ನಮಗ ಯಾರೂ ಗೊತ್ತಿಲ್ಲ. ಹಿಂದಕ ಕಳಿಸಿದ್ರ ಎಮ್ಮಿಗೆ ಕೇಡು. ನಾ ಅವರನ್ನ ಕರಿಯಾಕತ್ತಿಲ್ಲ. ಅವರ ಗಂಟು, ಅವರು ನೋಡಿಕೊಳ್ಳಲಿ."

ಅತ್ತೆ ಬರದಿದ್ದರೆ, ಗಂಟು ಏಳು ದಿನ ದಾಟಿದರೆ, ಮುಂದೆ ಆ ಎಮ್ಮೆ ಸೀನಿದರೂ ತಪ್ಪು ನನ್ನದು, ನನ್ನ ತವರಿನದು. ಆಮೇಲೆ ಮುದಗಲ್ಲಿನ ಹೆಸರು ಆ ಮನೆಯಲ್ಲಿ ಹುಟ್ಟುವುದೇ ಇಲ್ಲ.

ಏಳನೆಯ ದಿನ ಮಾವ ಎದ್ದು, "ಅಕ್ಕ ಬಂದ್ರ ಈ ಬಾಗಲಿಗೇ ಬರತಾಳ" ಎಂದು ಒಂದು ಬಾಗಿಲ ಕಡೆ ನಡೆದರು. ನಾನು ಹಿಂದೆ ಹೋದೆ. ಬಿಸಿಲೇರಿತು. ಕಾದೆವು. ನಾಯಿಯೊಂದು ಬಂದು ಹೋಯಿತು. ನನಗೆ ಅನುಮಾನ ಬಂತು.

"ಮಾವಾ, ನಮ್ಮ ಮದುವಿಗೂ ಇದೇ ಬಾಗಲಿಗೇ ಕರಕೊಂಡು ಬಂದಿದ್ರೇನು?"

ಮಾವ ಗೋಡೆ ನೋಡಿದರು. "ಸರ್ಕಾರಿ ದೌರಾ ಯಾವಾಗಲೂ ಇದೇ ಬಾಗಲಿಗೇ ಬರತಿತ್ತು. ಡೇರೆ ಹೊಡೆಯೂದು ಈ ಬಯಲಾಗ. ನನಗೇನು ಗೊತ್ತವ್ವ, ಊರ ಮಂದಿ ಆ ಬಾಗಲಾಗ ತಿರುಗಾಡತಾರ ಅಂತ? ನಾ ಮಂದಿ ಕೂಡ ಬಂದಾವ ಅಲ್ಲ, ಸಾಹೇಬರ ಕೂಡ ಬಂದಾವ."

ಮೂರು ವರ್ಷ! ಒಬ್ಬ ಚಪರಾಸಿಯ ಹಳೆಯ ಅಭ್ಯಾಸಕ್ಕೆ ನನ್ನ ಮೂರು ವರ್ಷ. ನಾನು ಓಡಿದೆ. ಆ ಬಾಗಿಲಿಗೆ ಬರುವಷ್ಟರಲ್ಲಿ ಮೌಲಾಸಾಬನ ಗಾಡಿ ಊರ ದಾರಿ ಹಿಡಿದು ನೆಟ್ಟಗೆ ಬಂದು ನಿಂತಾಗಿತ್ತು. ಅತ್ತೆ ಗಾಡಿಯ ಮೇಲೆ, ಅವ್ವ ಕೆಳಗೆ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿದ್ದರು, ಜಗಳಕ್ಕೆ ಬಂದ ಎರಡು ಎಮ್ಮೆಗಳ ಹಾಗೆ. ನಾನು ಏದುಸಿರು ಬಿಡುತ್ತ ಮಾವ ಹೇಳಿದ್ದನ್ನು ಹೇಳಿಬಿಟ್ಟೆ.

ಅತ್ತೆ ಗಾಡಿಯಿಂದ ಇಳಿದರು. "ಬೀಗತೀ, ಎಲ್ಲಿ ಅದಾನ್ರೀ ಆ ಹಾಟ್ಯಾ?"

"ಆ ಬಾಗಲಾಗ, ಬೀಗತೀ. ಬರ್ರಿ, ಇಬ್ಬರೂ ಕೂಡೇ ಹೋಗೂಣು."

ಆ ಹೊತ್ತು ಚೆನ್ನಪ್ಪ ಮಾವನಿಗೆ ಬಿದ್ದ ಬೈಗುಳವನ್ನು ನಾನು ಬರೆಯುವುದಿಲ್ಲ, ನನ್ನ ಕೈ ಅಷ್ಟು ವೇಗವಾಗಿ ಓಡುವುದಿಲ್ಲ. ಒಬ್ಬರ ಬಾಯಿ ಸೋತಾಗ ಇನ್ನೊಬ್ಬರು ಎತ್ತಿಕೊಂಡರು. ಬೈದು ಬೈದು ಅವರು ಎಷ್ಟು ಹತ್ತಿರವಾದರೆಂದರೆ, ಮನೆಗೆ ಬರುವಾಗ ಒಬ್ಬರ ಕೈ ಇನ್ನೊಬ್ಬರ ಕೈಯಲ್ಲಿತ್ತು. ಊಟಕ್ಕೆ ಕೂತು ನಕ್ಕರು. ಎಲೆ ಅಡಿಕೆ ಹಾಕಿಕೊಂಡು ಇನ್ನೂ ನಕ್ಕರು. ಆಮೇಲೆ ಅತ್ತೆ, "ಬೀಗತೀ, ಹೆಂಗೂ ಇಲ್ಲಿ ತನಕ ಬಂದೀನಿ. ನೀವೂ ಬರ್ರಲ್ಲ, ಸಂಗಮ, ಬಾದಾಮಿ, ಹಂಪಿ ಎಲ್ಲಾ ಮುಗಿಸಿ ಬರೂಣು" ಎಂದರು.

"ನಡೀರಿ. ನಮ್ಮ ಗಾಡಿ ಹೂಡಸ್ತೀನಿ. ನಿಮ್ಮ ತಮ್ಮನೂ ಬರಲಿ, ಬಾಯಿ ಮುಚ್ಚಿಕೊಂಡು ಹಿಂದ ಕೂಡಲಿ."

"ಎಮ್ಮಿ?" ಎಂದೆ ನಾನು.

"ನೀ ಅದೀಯಲ್ಲ" ಎಂದರು ಇಬ್ಬರೂ ಒಂದೇ ಬಾಯಿಯಲ್ಲಿ. ಖಾಸಿಂಬಿ ಎಂಟು ದಿನದ ಮಟ್ಟಿಗೆ ಒದೆಸಿಕೊಳ್ಳಲು ಒಪ್ಪಿದ್ದಳಂತೆ. ನಾಳೆ ಬೆಳಿಗ್ಗೆ ಮೌಲಾಸಾಬನ ಗಾಡಿಯಲ್ಲಿ ನಾನು ಸಾಲಗುಂದಕ್ಕೆ ಹಿಂದಿರುಗಿ ಹಾಲು ಕರೆಯುವುದು, ಇವರಿಬ್ಬರು ಹಂಪಿಯಲ್ಲಿ ತೇರಬೀದಿ ನೋಡುವುದು. ಇಬ್ಬರನ್ನು ಕೂಡಿಸಲು ಕಡಲೆ ಇಟ್ಟವಳು ನಾನು, ಗಂಟು ಹೊತ್ತವಳು ನಾನು. ಸೇತುವೆ ಕಟ್ಟಿದವಳಿಗೆ ನೀರೊಳಗೆ ನಿಂತು ಹಿಡಿದುಕೋ ಎಂದ ಹಾಗಾಯಿತು.

ಮಧ್ಯಾಹ್ನ ಎಲ್ಲರೂ ಅಡ್ಡಾದರು. ಗಂಟು ದೇವರ ಮಾಡದ ಕೆಳಗೆ ಇತ್ತು. ಮಾವ ಬಾಗಿಲಿಗೆ ಅಡ್ಡ ಮಲಗಿ ಗೊರಕೆ ಹೊಡೆಯುತ್ತಿದ್ದರು. ನಾನು ಅವರನ್ನು ದಾಟಿ ಹೋಗಿ ಗಂಟಿನ ಮುಂದೆ ಕೂತೆ. ಮಲ್ಲಯ್ಯ ಕಣ್ಣಿಗೆ ಬರಲಿಲ್ಲ, ಬನಶಂಕರಿಯೂ ಬರಲಿಲ್ಲ. ಗಂಟು ಬಿಗಿಯಾಗಿತ್ತು, ಉಗುರಿನಿಂದ ಆಗದೆ ಹಲ್ಲು ಹಚ್ಚಿ ಎಳೆದೆ. ಬಿಚ್ಚಿತು. ಸೀರೆ, ಜೋಳ, ಅಡಿಕೆ, ಕೊಂಬು. ಗಿಟುಕು ಕೊಬ್ಬರಿ. ಬೆಳಗಿನಿಂದ ಓಡಾಟ, ಸಿಟ್ಟಿಗೆ ಊಟವನ್ನೂ ಅರ್ಧಕ್ಕೆ ಬಿಟ್ಟಿದ್ದೆ. ಒಂದು ತುಂಡು ಕಡಿದೆ. ಇನ್ನೊಂದು ಕಡಿಯುವಷ್ಟರಲ್ಲಿ ಒಳಗೆ ಅತ್ತೆಯ ಬಳೆಯ ಸದ್ದಾಯಿತು. ಎದ್ದು ಹಿತ್ತಲಿಗೆ ಹೋಗಿ ಪಾತ್ರೆ ತಿಕ್ಕತೊಡಗಿದೆ.

"ಎವ್ವಾ! ಬೀಗತೀ! ಗಂಟು ಬಿಚ್ಚೇತಿ!"

ಎಲ್ಲರೂ ಓಡಿ ಬಂದರು. ನಾನೂ ಬೂದಿಗೈಯಲ್ಲಿ ಬಂದೆ. ಮಾವ ಗಡಬಡಿಸಿ ಎದ್ದು ಕೂತು, "ನಾ ಬಾಗಲಾಗೇ ಎಚ್ಚರ ಇದ್ದೆ, ಅಕ್ಕಾ. ಒಂದು ನೊಣ ಸೈತ ಒಳಗ ಹೋಗಿಲ್ಲ" ಎಂದು ಸಾಕ್ಷಿ ಹೇಳಿದರು. ಜನ್ಮದಲ್ಲಿ ಅವರ ಸುಳ್ಳೊಂದು ನನ್ನ ಉಪಯೋಗಕ್ಕೆ ಬಂದದ್ದು ಅಂದೇ.

ಅತ್ತೆ ಕೊಬ್ಬರಿ ಎತ್ತಿಕೊಂಡರು. "ನೈವೇದ್ಯ ತಗೊಂಡಾನ ನೋಡ್ರಿ. ಮಲ್ಲಯ್ಯ ನಾಲ್ಕೂ ದೇವರ ಪರವಾಗಿ ಹರಕಿ ಒಪ್ಪಿಕೊಂಡಾನ. ನಾ ಹಾದಿ ತುಂಬ ಕರೂನೇ ನೆನಸಾಕತ್ತಿದ್ದೆ. ನನ್ನ ಸಂಕಟ ಅವಗ ತಿಳೀತು."

ಅವ್ವ ಕೊಬ್ಬರಿಯನ್ನು ಇಸಿದುಕೊಂಡು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. ನನ್ನ ಮುಂದಿನ ಎರಡು ಹಲ್ಲುಗಳ ನಡುವೆ ಆಗ ಒಂದು ಕಡಲೆ ಕೂಡುವಷ್ಟು ಸಂದು. ನೋಡಲು ಬಂದ ಎರಡು ಗಂಡುಗಳು ಅದಕ್ಕೇ ಹಿಂದಿರುಗಿದ್ದವು. ಕಡಿದ ಜಾಗದ ನಡುವೆ ಒಂದು ಸಣ್ಣ ಗೋಡೆ ಹಾಗೇ ನಿಂತಿತ್ತು. ಅವ್ವ ಕೊಬ್ಬರಿಯನ್ನು ನೋಡಿದಳು, ನನ್ನನ್ನು ನೋಡಿದಳು.

"ದೇವರ ಮುಂದಿನ ಹಲ್ಲಿನಾಗ ಸಂದು ಐತಿ, ಬೀಗತೀ."

"ಇದ್ದಿರಬೇಕ್ರಿ" ಎಂದರು ಅತ್ತೆ, ಭಕ್ತಿಯಿಂದ.

ಅವ್ವ ಕೊಬ್ಬರಿಯನ್ನು ಅರಿವೆಯ ಮೇಲಿಟ್ಟು, "ಹಂಗಾರ ಯಾತ್ರಾ ಮುಗೀತು. ನೀವು ಕರುವಿನ ಕಡೆ ಹೊಂಡ್ರಿ. ಮಗಳು ಒಂದು ತಿಂಗಳು ಇರಲಿ" ಎಂದಳು.

"ಕರೀರಿ ಮತ್ತ" ಎಂದರು ಅತ್ತೆ, ಮುಖ ಆ ಕಡೆ ಮಾಡಿಕೊಂಡು.

"ಇರಬೇ ಗಂಗೀ" ಎಂದಳು ಅವ್ವ. ಮೂರು ವರ್ಷ ಬಾರದ ಕರೆ ಎರಡು ಶಬ್ದದಲ್ಲಿ ಮುಗಿಯಿತು.

ಮರುದಿನ ಬೆಳಿಗ್ಗೆ ಮೊದಲ ಕೋಳಿಗೆ ಅತ್ತೆ ಗಾಡಿ ಹತ್ತಿದರು. ಹೋಗುವ ಮುಂಚೆ ಆ ಕೊಬ್ಬರಿಯನ್ನು ಚೂರು ಮಾಡಿ ಎಲ್ಲರಿಗೂ ಪ್ರಸಾದ ಹಂಚಿದರು. ನಾನು ಎದ್ದು ಹೋಗಿ, ಅವರ ಕಾಲಿಗೆ ಬಿದ್ದು, ಎರಡೂ ಕೈ ಒಡ್ಡಿ ನನ್ನ ಚೂರು ಇಸಿದುಕೊಂಡು ಕಣ್ಣಿಗೆ ಒತ್ತಿಕೊಂಡು ಬಾಯಿಗೆ ಹಾಕಿಕೊಂಡೆ. ಗಾಡಿ ಕೋಟೆಯ ಬಾಗಿಲು ದಾಟಿತು. ಎರಡನೆಯ ಕೋಳಿ ಕೂಗಿತು. ನಾನು ಕೊಬ್ಬರಿ ಅಗಿಯುತ್ತ ಒಳಗೆ ಹೋಗಿ, ಕೌದಿಯನ್ನು ತಲೆಯ ತನಕ ಎಳೆದುಕೊಂಡು, ಬಿಸಿಲು ಕಾಲ ಮೇಲೆ ಬೀಳುವ ತನಕ ಮಲಗಿದೆ.